ಹದಿನಾಲ್ಕನೇ ನಂಬರಿನ ಡಾಕ್ಟರು

ಊರು ಮುಗಿದ ಮೇಲೂ ಸ್ವಲ್ಪ ದೂರ ಊರಿರುತ್ತದೆ. ಬಸ್ಸು ಸುಸ್ತಾಗಿ ಹಿಂದಕ್ಕೆ ತಿರುಗಿಕೊಳ್ಳುವ ಕೊನೆಯ ನಿಲ್ದಾಣ, ಅದರಾಚೆ ಟೈರು ರಿಪೇರಿಯ ತಗಡಿನ ಅಂಗಡಿ, ಅದರಾಚೆ ಇಟ್ಟಿಗೆ ಲಾರಿಗಳು ನಿಲ್ಲುವ ಬಯಲು. ಅದನ್ನೂ ದಾಟಿ ಕಾಲುದಾರಿಯಲ್ಲಿ ಹದಿನೈದು ನಿಮಿಷ ನಡೆದರೆ ನೂರಿಪ್ಪತ್ತು ನಿವೇಶನಗಳ ಒಂದು ಬಡಾವಣೆ. ಅದರ ಹೆಸರಿನಲ್ಲಿ ಸಮುದ್ರವಿತ್ತು. ನಿಜವಾದ ಸಮುದ್ರ ನೋಡಬೇಕಾದರೆ ಅಲ್ಲಿಂದ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ ಕೂರಬೇಕಿತ್ತು. ನಿವೇಶನಗಳಿಗೆ ನಂಬರು ಬರೆದ ಕಲ್ಲುಗಳಿದ್ದವು, ದೀಪವಿಲ್ಲದ ದೀಪದ ಕಂಬಗಳಿದ್ದವು, ಹುಲ್ಲಿನೊಳಗೆ ಹೋಗಿ ಸುಮ್ಮನಾಗುವ ಡಾಂಬರು ರಸ್ತೆಗಳಿದ್ದವು. ಮನೆ ಮಾತ್ರ ಒಂದೇ, ಹದಿಮೂರನೇ ನಂಬರಿನದು. ಅದರಲ್ಲಿ ಕನ್ನಡಕಪ್ಪ, ಅವನ ಹೆಂಡತಿ, ಅವನ ತಾಯಿ.

ಅವನ ಹೆಸರು ಬೇರೆ ಏನೋ ಇತ್ತು. ಇಪ್ಪತ್ತೆರಡು ವರ್ಷ ಕನ್ನಡಕದ ಅಂಗಡಿಯಲ್ಲಿ ನಿಂತು ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ "ಈಗ ಚೆನ್ನಾಗಿ ಕಾಣತ್ತಾ, ಮೊದಲೇ ಚೆನ್ನಾಗಿತ್ತಾ?" ಎಂದು ಕೇಳಿ ಕೇಳಿ ಆ ಹೆಸರು ಸವೆದುಹೋಗಿತ್ತು. ಈ ಪ್ರಶ್ನೆಯನ್ನು ಅವನು ಮನೆಯಲ್ಲೂ ಕೇಳುತ್ತಿದ್ದ. ಕುರ್ಚಿಯನ್ನು ಒಂದು ಗೇಣು ಸರಿಸಿ ಕೇಳುತ್ತಿದ್ದ, ಕಿಟಕಿ ಅರ್ಧ ತೆರೆದು ಕೇಳುತ್ತಿದ್ದ. ಹೆಂಡತಿ ಮದುವೆಯಾದ ಎರಡನೇ ವರ್ಷದಲ್ಲೇ ಉತ್ತರ ಕೊಡುವುದನ್ನು ನಿಲ್ಲಿಸಿದ್ದಳು.

ಈ ಮನೆಗೆ ಬರುವವರೆಗೆ ಅವರು ಇದ್ದದ್ದು ಹೆಂಡತಿಯ ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ. ಅಣ್ಣನಿಗೆ ಸಾಮಾನು ಸಾಗಿಸುವ ವ್ಯಾನಿತ್ತು. ತಂಗಿಯ ಸಂಸಾರವನ್ನು ಅದೇ ವ್ಯಾನಿನಲ್ಲಿ ತಂದು ಹದಿಮೂರನೇ ನಂಬರಿನ ಮುಂದೆ ಇಳಿಸಿದ ದಿನ, ಅವನು ನಾಲ್ಕೂ ದಿಕ್ಕಿಗೆ ಒಮ್ಮೆ ಕಣ್ಣಾಡಿಸಿ ಹೇಳಿದ್ದ, "ನಾನು ವ್ಯಾನು ತೊಳೆಸಲ್ಲಪ್ಪ. ಹೇಗಿದ್ರೂ ವಾಪಸ್ ಕರ್ಕೊಂಡು ಹೋಗ್ಬೇಕಲ್ಲ, ಆಮೇಲೆ ಒಟ್ಟಿಗೆ ತೊಳೆಸ್ತೀನಿ."

ಆ ಮಾತು ಕನ್ನಡಕಪ್ಪನ ಎದೆಯಲ್ಲಿ ಮುಳ್ಳಾಗಿ ಕೂತಿತು. ಬಡಾವಣೆಯವರು ಜನರಿಗೆ ತೋರಿಸಲೆಂದೇ ಕಟ್ಟಿದ ಮಾದರಿ ಮನೆ ಅದು. ತೋರಿಸಿದರೂ ಯಾರೂ ಕೊಳ್ಳದಿದ್ದಾಗ ಇವನಿಗೇ ಮಾರಿದ್ದರು. ಅಂಗಡಿಯಲ್ಲಿ ಇವನು ಆ ಕಥೆಯ ಮೊದಲರ್ಧವನ್ನು ಮಾತ್ರ ಹೇಳುತ್ತಿದ್ದ. "ಬಡಾವಣೆಗೇ ಮಾದರಿ, ನಮ್ಮ ಮನೆ" ಎನ್ನುತ್ತಿದ್ದ. ಉಳಿದ ಮನೆಗಳು ಹುಟ್ಟಿಯೇ ಇಲ್ಲ ಎನ್ನುವುದು ಗಿರಾಕಿಗಳಿಗೆ ಬೇಕಿಲ್ಲದ ವಿವರ ಎಂದು ಅವನ ಅಭಿಪ್ರಾಯ.

ಹೆಂಡತಿಗೆ ಮಾತ್ರ ಆ ವಿವರ ದಿನಕ್ಕೆ ಹದಿನಾಲ್ಕು ಗಂಟೆ ಕಾಣುತ್ತಿತ್ತು. ಮಹಡಿ ಕೋಣೆಯಲ್ಲಿದ್ದಾಗ ಮೆಟ್ಟಿಲ ಮೇಲೆ ಯಾರು ಕೆಮ್ಮಿದರೂ ಇಂಥವರೇ ಎಂದು ಹೇಳುತ್ತಿದ್ದ ಹೆಂಗಸು ಅವಳು. ಇಲ್ಲಿ ಕೆಮ್ಮುವವರೇ ಇಲ್ಲ. ವಾರಕ್ಕೆರಡು ಸಲ ನೀರಿನ ಟ್ಯಾಂಕರು ಬರುತ್ತಿತ್ತು. ಒಮ್ಮೆ ಅದರ ಡ್ರೈವರನ್ನು ಮುಕ್ಕಾಲು ಗಂಟೆ ನಿಲ್ಲಿಸಿಕೊಂಡು ತನ್ನ ಮೊಣಕಾಲು ನೋವು ಶುರುವಾದಲ್ಲಿಂದ ಹೇಳಿದಳು. ಮುಂದಿನ ಸಲದಿಂದ ಅವನು ದೂರದಲ್ಲೇ ನಿಂತು ಪೈಪು ಎಸೆದು, ತೊಟ್ಟಿ ತುಂಬುವವರೆಗೂ ಗಾಡಿಯಿಂದ ಇಳಿಯದಾದ.

ಮೂರನೇ ತಿಂಗಳು ಅವಳು ತೀರ್ಪು ಕೊಟ್ಟಳು. "ನೋಡಿ, ಒಂದು ವರ್ಷ. ಅಷ್ಟರಲ್ಲಿ ಕಾಂಪೌಂಡಿನ ಆಚೆ ನಿಂತು ನನ್ನ ಹತ್ರ ಮಾತಾಡೋರು ಬರಬೇಕು. ಇಲ್ದಿದ್ರೆ ನಾನೇ ಅಣ್ಣನಿಗೆ ಫೋನು ಮಾಡ್ತೀನಿ."

ಕನ್ನಡಕಪ್ಪ ಕಾಂಪೌಂಡಿನ ಆಚೆ ನೋಡಿದ. ಒಂದು ಮೇಕೆ ಹದಿನಾಲ್ಕನೇ ನಂಬರಿನ ಕಲ್ಲಿಗೆ ಬೆನ್ನು ಉಜ್ಜಿಕೊಳ್ಳುತ್ತಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮುಂಬಾಗಿಲು ತಾನಾಗಿ ತೆರೆಯಿತು. ಗಂಡ, ಹೆಂಡತಿ, ಊರುಗೋಲಿನ ಮಾವ, ಎರಡು ಮಕ್ಕಳು, ಒಟ್ಟು ಐದು ಜನ ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರು ತನ್ನ ಹೆಂಡತಿಯ ಕಡೆಯವರೆಂದು ಕನ್ನಡಕಪ್ಪ ತಿಳಿದ. ಗಂಡನ ಅಂಗಡಿಯವರೆಂದು ಹೆಂಡತಿ ತಿಳಿದಳು. ಮನೆಗೆ ಬಂದವರನ್ನು ನೀವು ಯಾರು ಎಂದು ಕೇಳುವಷ್ಟು ಧೈರ್ಯ ಇಬ್ಬರಿಗೂ ಇರಲಿಲ್ಲ. ಇಬ್ಬರೂ ಪೈಪೋಟಿಯಲ್ಲಿ "ಬನ್ನಿ ಬನ್ನಿ" ಎಂದರು.

ಬಂದವರು ಸಂಕೋಚದ ಜನರಲ್ಲ. ಮಾವ ಊರುಗೋಲಿನಿಂದ ಗೋಡೆ ತಟ್ಟಿ ಕಿವಿಗೊಟ್ಟ. ಸೊಸೆ ಅಡುಗೆಮನೆಯ ಎಲ್ಲ ಕಪಾಟುಗಳನ್ನೂ ತೆರೆದು ನೋಡಿ, ಡಬ್ಬಿಗಳಲ್ಲಿ ನಿಜವಾಗಿ ಸಾಮಾನಿರುವುದನ್ನು ಕಂಡು ಗಂಡನನ್ನು ಕರೆದು ತೋರಿಸಿದಳು. ಗಂಡ ಕಕ್ಕಸಿನಲ್ಲಿ ಮೂರು ಸಲ ನೀರು ಬಿಟ್ಟು ತೃಪ್ತನಾಗಿ ಹೊರಬಂದ. ಟ್ಯಾಂಕರು ಬರಲು ಇನ್ನೂ ಎರಡು ದಿನವಿತ್ತು. ಕನ್ನಡಕಪ್ಪನ ಹೆಂಡತಿ ಹಲ್ಲು ಕಚ್ಚಿ ನಗುತ್ತಾ ಚಹಾ ಕೊಟ್ಟಳು.

"ನೀವು ಎಷ್ಟು ಗಂಟೆವರೆಗೂ ಇರ್ತೀರಿ?" ಸೊಸೆ ಲೋಟ ತೆಗೆದುಕೊಳ್ಳುತ್ತಾ ಕೇಳಿದಳು.

"ನಾವೆಲ್ಲಿಗೆ ಹೋಗ್ತೀವಿ? ಇಲ್ಲೇ ಇರ್ತೀವಿ."

"ರಾತ್ರಿಯೂ?"

"ರಾತ್ರಿಯೂ."

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಅಚ್ಚುಕಟ್ಟಾದ ಬಡಾವಣೆಯವರನ್ನು ತಾನೆಲ್ಲೂ ಕಂಡಿಲ್ಲ ಎಂದು ಮಾವ ನಿಧಾನವಾಗಿ ಹೇಳಿದ. ಕನ್ನಡಕಪ್ಪ ಅದನ್ನು ತನ್ನ ಅಭಿರುಚಿಗೆ ಸಂದ ಮೆಚ್ಚುಗೆ ಎಂದುಕೊಂಡು, ಪರದೆಯನ್ನು ಎಳೆದು ಬಿಟ್ಟು, ಈಗ ಚೆನ್ನಾಗಿ ಕಾಣತ್ತಾ, ಮೊದಲೇ ಚೆನ್ನಾಗಿತ್ತಾ ಎಂದು ಕೇಳಿದ.

ಅಷ್ಟರಲ್ಲಿ ಮಕ್ಕಳಿಬ್ಬರೂ ಒಳಕೋಣೆಯಲ್ಲಿದ್ದ ಮುದುಕಿಯನ್ನು ಹುಡುಕಿಕೊಂಡಿದ್ದರು. ಆ ಮನೆಯಲ್ಲಿ ಮಕ್ಕಳಿರಲಿಲ್ಲ, ಹಾಗಾಗಿ ಅಲ್ಲಿಯವರೆಗೂ ಅವಳನ್ನು ಯಾರೂ ಅಜ್ಜಿ ಎಂದು ಕರೆದಿರಲಿಲ್ಲ. ಎಪ್ಪತ್ತೆಂಟು ವರ್ಷದ ಕಥೆಗಳು ಅವಳ ಹೊಟ್ಟೆಯಲ್ಲಿ ಹಾಗೇ ಉಳಿದಿದ್ದವು. ಚಿಕ್ಕವಳು ಬಂದು ಮಂಚದ ಮೇಲೆ ಕೂತು "ಅಜ್ಜೀ" ಎಂದದ್ದೇ ತಡ, ಮುದುಕಿಯ ಬೆನ್ನು ನೆಟ್ಟಗಾಯಿತು. ಹಿಂದೆಯೇ ಬಂದ ಮಾವ, ಅಕ್ಕಪಕ್ಕ ಯಾರಿದಾರಮ್ಮಾ ಎಂದು ವಿಚಾರಿಸಿದ.

ಅಜ್ಜಿ ಕಿಟಕಿಯಿಂದ ಹೊರಗೆ ನೋಡಿದಳು. ಹದಿನಾಲ್ಕನೇ ನಂಬರಿನ ಕಲ್ಲು ನೋಡಿದಳು.

"ಈ ಕಡೆ ಡಾಕ್ಟರಮ್ಮ ಬರ್ತಾಳೆ," ಎಂದಳು. "ಹೊತ್ತಲ್ಲದ ಹೊತ್ತಲ್ಲಿ ಕರೆದ್ರೂ ಎದ್ದು ಬರೋಳು. ಕೈಗುಣ ಅಂದ್ರೆ ಕೈಗುಣ. ಎದುರಿಗೆ ಟೈಲರು. ಮೂಲೆಮನೇಲಿ ಒಬ್ಬ ಮೇಷ್ಟ್ರು, ಮಕ್ಕಳಿಗೆ ಲೆಕ್ಕ ಹೇಳ್ಕೊಡೋದಂದ್ರೆ ಪ್ರಾಣ. ಹೆಂಡತಿ ಹತ್ರ ಮಾತು ಬಿಟ್ಟು ಹನ್ನೆರಡು ವರ್ಷ. ಏನಿದ್ರೂ ಗಿಳಿಗೆ ಹೇಳ್ತಾನೆ, ಗಿಳಿ ಅವಳಿಗೆ ಹೇಳತ್ತೆ."

ಐವರೂ ಹೋದ ಮೇಲೆ ಕನ್ನಡಕಪ್ಪ ಧಾರಾಳವಾಗಿ, ನಿನ್ನ ಕಡೆಯವರು ಒಳ್ಳೆಯ ಜನ ಎಂದ. ಹೆಂಡತಿ ಲೋಟ ತೊಳೆಯುವುದನ್ನು ನಿಲ್ಲಿಸಿದಳು.

"ನನ್ನ ಕಡೆಯವರಾ? ನಿಮ್ಮ ಅಂಗಡಿಯವರಲ್ವಾ?"

ಆ ಸಂಜೆ ಇಬ್ಬರೂ ಎಲ್ಲ ಬೀರುಗಳಿಗೂ ಬೀಗ ಹಾಕಿದರು.

ಗುಟ್ಟು ಮುಂದಿನ ಭಾನುವಾರ ಗೊತ್ತಾಯಿತು. ಅಂದು ಮೂರು ಸಂಸಾರಗಳು ಬಂದವು, ಅವುಗಳ ಹಿಂದೆಯೇ ನಿವೇಶನ ಮಾರುವ ಏಜೆಂಟು ಕೈಮುಗಿದುಕೊಂಡು ಬಂದ. ಹೆದ್ದಾರಿಯ ತಿರುವಿನಲ್ಲಿ "ಮಾದರಿ ಮನೆ, ಬಾಗಿಲು ತೆರೆದಿದೆ, ಒಳಗೆ ಬಂದು ನೋಡಿ" ಎಂಬ ಹಳೆಯ ಬೋರ್ಡು ಹಾಗೇ ನಿಂತಿತ್ತಂತೆ. ಕನ್ನಡಕಪ್ಪ ದಿನವೂ ಕಾಲುದಾರಿಯಿಂದ ಓಡಾಡುತ್ತಿದ್ದುದರಿಂದ ಆ ಬೋರ್ಡಿನ ಬೆನ್ನನ್ನೂ ಕಂಡಿರಲಿಲ್ಲ. ಊರಿನವರ ಕಣ್ಣು ತಿದ್ದುವವನು ತನ್ನ ಮನೆಯ ಬೋರ್ಡು ಓದದೆ ಇದ್ದ ಎಂದು ನಾವು ನಗಬಾರದು. ಅಂಗಡಿಯ ಕನ್ನಡಿಯಲ್ಲಿ ಅವನೇ ಮರುದಿನ ಸಾಕಷ್ಟು ನಕ್ಕುಕೊಂಡ.

ಏಜೆಂಟಿಗೆ ಮಾತ್ರ ಕಣ್ಣಲ್ಲಿ ನೀರು. ಎರಡು ವರ್ಷದಲ್ಲಿ ಹೋಗದ ನಿವೇಶನಗಳು ಒಂದೇ ವಾರದಲ್ಲಿ ಎರಡು ಹೋಗಿದ್ದವು, ಊರುಗೋಲಿನ ಮಾವನಿಗೊಂದು, ಅವನ ಮಾತು ಕೇಳಿದ ನೆಂಟರಿಗೊಂದು. ಕೊಂಡವರು ಇದೇ ಅಡುಗೆಮನೆ ಬೇಕು, ಇದೇ ಕಿಟಕಿ ಬೇಕು, ಆಗುವುದಾದರೆ ಇದೇ ಅಜ್ಜಿ ಬೇಕು ಎಂದಿದ್ದರು. ಕಂಪನಿಯವರು ಸಂಬಳ ಕೊಟ್ಟು ಒಂದು ಸಂಸಾರವನ್ನೇ ಕೂರಿಸಿದ್ದಾರೆಂದು ಅವರು ತಿಳಿದಿದ್ದರು.

ಕನ್ನಡಕಪ್ಪನಿಗೆ ಸಿಟ್ಟು ನೆತ್ತಿಗೇರಿತು. ಇವತ್ತೇ ಬೋರ್ಡು ಕಿತ್ತು ಹಾಕಬೇಕು ಎಂದ. ತಾನೊಬ್ಬ ಗೃಹಸ್ಥ, ಗೊಂಬೆಯಲ್ಲ ಎಂದ.

"ಬೋರ್ಡು ಇರಲಿ ಬಿಡಿ," ಎಂದಳು ಹೆಂಡತಿ, ಏಜೆಂಟಿಗೆ ಎರಡನೇ ಲೋಟ ಚಹಾ ಬಗ್ಗಿಸುತ್ತಾ. ಅವಳಿಗೆ ಆ ಎರಡು ಭಾನುವಾರದಲ್ಲಿ ಒಂಬತ್ತು ಜನ ಹೆಂಗಸರು ಸಿಕ್ಕಿದ್ದರು. ಮೊಣಕಾಲಿನ ಕಥೆ ಪೂರ್ತಿಯಾಗಿತ್ತು, ಸೊಂಟಕ್ಕೆ ಬಂದಿದ್ದಳು.

ಹೀಗೆ ಆ ಮನೆಯ ಭಾನುವಾರಗಳು ಶುರುವಾದವು. ಹೆಂಡತಿ ಪರದೆ ಬದಲಾಯಿಸಿದಳು. ಕನ್ನಡಕಪ್ಪ ಗಾಳಿ ಬೆಳಕಿನ ಬಗ್ಗೆ ಸಣ್ಣದೊಂದು ಭಾಷಣ ಬಾಯಿಪಾಠ ಮಾಡಿದ. ಅಜ್ಜಿಯ ಮಂಚದ ಸುತ್ತ ಜನ ಸೇರುತ್ತಿತ್ತು. ವಾರಕ್ಕೊಬ್ಬರಂತೆ ಅವಳು ಖಾಲಿ ನಿವೇಶನಗಳಲ್ಲಿ ಒಕ್ಕಲು ಕೂರಿಸುತ್ತಾ ಹೋದಳು. ಅದೆಲ್ಲ ಸುಳ್ಳಲ್ಲವೇನಮ್ಮ ಎಂದು ಮಗ ಒಮ್ಮೆ ಆಕ್ಷೇಪಿಸಿದ. ಅಜ್ಜಿಗೆ ಬೇಸರವಾಯಿತು. "ಬರ್ತಾರೆ ಅಂದೆ. ಬಂದಿದಾರೆ ಅಂದ್ನಾ?" ಮೊದಲು ಹಾಗೆಯೇ ಅನ್ನುತ್ತಿದ್ದಳು, ಅದು ನಿಜ. ಹೇಳುತ್ತಾ ಹೇಳುತ್ತಾ ಯಾವಾಗ ಬಂದುಬಿಟ್ಟರೋ ಅವಳಿಗೂ ತಿಳಿಯಲಿಲ್ಲ. ಕೇಳಿದ್ದನ್ನು ನೆನಪಿಟ್ಟುಕೊಳ್ಳುವ ಕಷ್ಟ ಮಗನದು. ಅಂಗಡಿಯಲ್ಲಿ ಕಣ್ಣಿನ ನಂಬರು ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಅವನು ಡಾಕ್ಟರು ಎಡಕ್ಕೆ, ಟೈಲರು ಎದುರಿಗೆ, ಗಿಳಿ ಮೂಲೆಗೆ ಎಂದು ಬರೆದುಕೊಂಡ. ಆದರೂ ಒಂದು ಭಾನುವಾರ ಗಡಿಬಿಡಿಯಲ್ಲಿ ಟೈಲರನಿಗೆ ಗಿಳಿ ಕೊಟ್ಟುಬಿಟ್ಟ.

ಮಳೆ ಮುಗಿಯುವ ಹೊತ್ತಿಗೆ ಒಬ್ಬ ಬಡಕಲು ಮನುಷ್ಯ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದು ಬಾಗಿಲು ಬಡಿದ. ಅವನು ಟೈಲರು. ಎದುರಿನ ಸಾಲಿನಲ್ಲಿ ಒಂದು ನಿವೇಶನಕ್ಕೆ ಮುಂಗಡ ಕೊಟ್ಟ ಮೇಲೆ ಅಲ್ಲಿ ಆಗಲೇ ಒಬ್ಬ ಟೈಲರು ಇದ್ದಾನೆಂದು ಯಾರೋ ಹೇಳಿದ್ದರಂತೆ. ತನಗೆ ಮೋಸವಾಯಿತು, ಆ ಟೈಲರನ ಕೈಕೆಲಸ ಏನಾದರೂ ಇದ್ದರೆ ತೋರಿಸಿ ಎಂದು ಕೂತುಬಿಟ್ಟ. ಅಜ್ಜಿ ತಣ್ಣಗೆ ಕಿಟಕಿಯ ಪರದೆಯತ್ತ ಕೈ ತೋರಿಸಿದಳು.

ಟೈಲರು ಪರದೆಯ ಅಂಚನ್ನು ಮಗುಚಿ ಹೊಲಿಗೆ ನೋಡಿದ. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ. ಅವನ ಮುಖ ನಿಧಾನವಾಗಿ ಅರಳಿತು.

"ಇದು ಹೊಲಿಗೆಯಾ? ಹಾವು ಹರಿದುಹೋದ ಹಾಗಿದೆ. ಇಂಥವನ ಕೈಗೆ ಸೂಜಿ ಕೊಟ್ಟವರಾದ್ರೂ ಯಾರು?"

ಪರದೆ ಹೊಲಿದಿದ್ದ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖಕ್ಕೆ ಬಂದ ಬಣ್ಣವನ್ನು ನೋಡಿ ಕನ್ನಡಕಪ್ಪ ನೆಲ ನೋಡಿದ. ಆದರೆ ಆ ಹೆಂಗಸಿನ ದೊಡ್ಡತನವನ್ನು ಇಲ್ಲಿ ಬರೆಯಲೇಬೇಕು. ಕಾಂಪೌಂಡಿನಾಚೆ ಒಬ್ಬ ಮನುಷ್ಯ ಬರುತ್ತಾನೆಂಬ ಆಸೆಗೆ ಅವಳು ಆ ಮಾತನ್ನು ನುಂಗಿದಳು. "ಹೂಂ, ಅವನು ಅಷ್ಟಕ್ಕಷ್ಟೇ," ಎಂದಳು.

ಇಂಥವನ ಎದುರು ತಾನು ಕಣ್ಣು ಮುಚ್ಚಿಕೊಂಡು ಬದುಕಬಲ್ಲೆ ಎಂದು ಟೈಲರು ಹಿಗ್ಗಿನಿಂದ ಹೋಗಿ ತಳಪಾಯ ತೋಡಿಸಿದ. ನಾಲ್ಕು ತಿಂಗಳಲ್ಲಿ ಹೆಂಡತಿ ಮಕ್ಕಳೊಂದಿಗೆ ಬಂದೂಬಿಟ್ಟ. ಆ ಇನ್ನೊಬ್ಬ ಟೈಲರು ಕಾಣದಿದ್ದಾಗ, ತನಗೆ ಹೆದರಿ ಊರು ಬಿಟ್ಟನೆಂದು ಎಲ್ಲರಿಗೂ ಹೇಳಿಕೊಂಡ. ಅವನ ಹಿಂದೆ ಗೋಡೆ ತಟ್ಟಿದ ಮಾವನ ಸಂಸಾರ. ಮೂಲೆಯ ಪಕ್ಕದಲ್ಲಿ ಒಬ್ಬ ನಿವೃತ್ತ ರೈಲ್ವೆ ಗಾರ್ಡು. ಮೊಮ್ಮಗಳಿಗೆ ಲೆಕ್ಕ ಹೇಳಿಕೊಡಲು ಮೇಷ್ಟ್ರು ಪಕ್ಕದಲ್ಲೇ ಇರುತ್ತಾರೆಂದು ಅವನು ಬಂದದ್ದು. ಮೇಷ್ಟ್ರು ಸದ್ಯಕ್ಕೆ ಊರಿನಲ್ಲಿಲ್ಲ ಎಂದದ್ದಕ್ಕೆ, ಅವರು ಬರುವವರೆಗೆ ಎಂದು ತಾನೇ ಮೊಮ್ಮಗಳನ್ನು ಕೂರಿಸಿಕೊಂಡ. ಜೊತೆಗೆ ಟೈಲರನ ಮಕ್ಕಳು ಬಂದರು, ಆಮೇಲೆ ಇನ್ನೂ ನಾಲ್ಕು. ವರ್ಷ ತುಂಬಲು ಎರಡು ತಿಂಗಳಿರುವಾಗ ಎಂಟು ಹೊಸ ಮನೆಗಳಲ್ಲಿ ಒಲೆ ಉರಿಯುತ್ತಿತ್ತು. ಹೆಂಡತಿ ಬೆಳಿಗ್ಗೆ ಕಾಂಪೌಂಡಿನ ಬಳಿ ಹೋದರೆ ಹಾಲು ಉಕ್ಕಿದ ವಾಸನೆ ಬಂದಾಗಲೇ ಒಳಗೆ ಬರುತ್ತಿದ್ದಳು.

ಡಾಕ್ಟರ ವಿಷಯ ಬಂದಾಗ ಮಾತ್ರ ಒಂದು ವಿಚಿತ್ರ ನಡೆಯುತ್ತಿತ್ತು. ತಾನೊಬ್ಬನೇ ಅವರನ್ನು ಕಂಡಿಲ್ಲ ಎಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ನಿನ್ನೆ ಕಾರಿನಲ್ಲಿ ಹೋದರು ಎಂದು ಗಾರ್ಡು ಹೇಳಿದ. ನನ್ನನ್ನು ನೋಡಿ ನಕ್ಕರು ಎಂದು ಟೈಲರನ ಹೆಂಡತಿ ಹೇಳಿದಳು. ಹದಿನಾಲ್ಕನೇ ನಂಬರಿನಲ್ಲಿ ಕಲ್ಲು, ಹುಲ್ಲು, ಮೇಕೆ ಬಿಟ್ಟು ಏನೂ ಇಲ್ಲವಲ್ಲ ಎಂದರೆ, ಕಟ್ಟಿಸುತ್ತಿದ್ದಾರಂತೆ ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು.

ಆಗ ಬಂದ, ಮನೆ ಪಟ್ಟಿ ಬರೆಯುವ ಸರ್ಕಾರಿ ನೌಕರ. ಬಿಸಿಲಲ್ಲಿ ಅಲೆದು ಬೆವರಿ, ಅಜ್ಜಿಯ ಕೋಣೆಯ ಫ್ಯಾನಿನ ಕೆಳಗೆ ಕುಸಿದು, ಸುತ್ತಮುತ್ತ ಯಾರ್ಯಾರಿದ್ದಾರೆ ನೀವೇ ಹೇಳಿಬಿಡಿ ಎಂದ. ಅಜ್ಜಿ ಹೇಳಿದಳು. ಅವನು ಕೈಗುಣ, ಹೊತ್ತಲ್ಲದ ಹೊತ್ತು ಯಾವುದನ್ನೂ ಬಿಡದೆ ಬರೆದುಕೊಂಡ. ಹದಿನಾಲ್ಕರಲ್ಲಿ ಮನೆ ಕಾಣಿಸಲಿಲ್ಲವಲ್ಲ ಎಂದು ಅವನಿಗೂ ಅನುಮಾನ ಬಂತು. ಕಟ್ಟಿಸುತ್ತಿದ್ದಾರೆ ಎಂದಳು ಅಜ್ಜಿ. ಕಟ್ಟುತ್ತಿರುವ ಮನೆಗೆ ಅವನ ಹಾಳೆಯಲ್ಲಿ ಬೇರೆ ಜಾಗ ಇರಲಿಲ್ಲ. ಅವನು ಬಹಳ ಹೊತ್ತು ಯೋಚಿಸಿ ಡಾಕ್ಟರನ್ನು ನಿವಾಸಿ ಎಂದೇ ಬರೆದು, ನೀರು ಕುಡಿದು ಹೋದ.

ಒಂದು ತಿಂಗಳಿಗೆ ಅಂಚೆಯವ ಬಂದ. ಕೈಯಲ್ಲಿ ಆರೋಗ್ಯ ಇಲಾಖೆಯ ನೋಟಿಸು. ಮನೆ ಪಟ್ಟಿಯಲ್ಲಿ ಕಂಡಂತೆ ಹದಿನಾಲ್ಕನೇ ನಂಬರಿನ ಡಾಕ್ಟರು ನೋಂದಣಿ ಇಲ್ಲದೆ ವೈದ್ಯ ವೃತ್ತಿ ನಡೆಸುತ್ತಿದ್ದಾರೆ, ಕೂಡಲೇ ಹಾಜರಾಗತಕ್ಕದ್ದು. ಸಹಿ ಬೇಕು ಎಂದು ಅವನು ಮನೆಮನೆ ಸುತ್ತಿದ. ಎಂಟೂ ಮನೆಯವರು ಅವನ ಹಿಂದೆ ಹೋಗಿ ಕಲ್ಲಿನ ಸುತ್ತ ನಿಂತರು. ಮೇಕೆ ತಲೆಯೆತ್ತಿ ಅವರನ್ನು ನೋಡಿತು.

"ನೀವು ಅವರನ್ನ ಕಾರಲ್ಲಿ ನೋಡಿದ್ರಲ್ಲ," ಎಂದ ಟೈಲರು, ಗಾರ್ಡಿಗೆ.

"ನಿಮ್ಮ ಮನೆಯವರನ್ನ ನೋಡಿ ನಕ್ಕಿದ್ರಲ್ಲ," ಎಂದ ಗಾರ್ಡು.

ತಮ್ಮ ತಮ್ಮ ನಾಚಿಕೆಯನ್ನು ಹೊರಲಾರದೆ ಎಲ್ಲರೂ ಅದನ್ನು ಒಟ್ಟಿಗೆ ತಂದು ಹದಿಮೂರನೇ ನಂಬರಿನ ಬಾಗಿಲಲ್ಲಿ ಇಳಿಸಿದರು. ಕನ್ನಡಕಪ್ಪ ಎಲ್ಲವನ್ನೂ ಒಪ್ಪಿಕೊಂಡ. ಡಾಕ್ಟರಿಲ್ಲ, ಮೇಷ್ಟ್ರಿಲ್ಲ, ಗಿಳಿಯೂ ಇಲ್ಲ. ಗಾಬರಿಯಲ್ಲಿ ಪರದೆ ಹೊಲಿದವರು ಯಾರೆಂಬುದನ್ನೂ ಹೇಳಿಬಿಟ್ಟ. ಅದನ್ನು ಯಾರೂ ಕೇಳಿರಲಿಲ್ಲ.

ಅಂದಿನಿಂದ ಬಡಾವಣೆ ಮಾತು ಬಿಟ್ಟಿತು. ಹೆಂಡತಿ ಕಾಂಪೌಂಡಿನ ಬಳಿ ಹೋದರೆ ಟೈಲರನ ಹೆಂಡತಿ ಬಟ್ಟೆ ಒಣಗಿಸುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು. ಆ ಬಟ್ಟೆ ಹೊರಗೇ ಇರುತ್ತಿತ್ತು. ಒಂದಿಬ್ಬರು ಮನೆ ಮಾರುವ ಮಾತಾಡಿ ಏಜೆಂಟಿಗೆ ಹೇಳಿಕಳಿಸಿದರು. ಅಜ್ಜಿಯ ಮಂಚದ ಹತ್ತಿರ ಮಕ್ಕಳು ಸುಳಿಯಲಿಲ್ಲ. ಎಂಟು ದಿನ ಹೀಗಾಯಿತು. ಯಾರೂ ಇಲ್ಲದಾಗ ಅಳದಿದ್ದ ಹೆಂಡತಿ, ಇದ್ದವರು ಮಾತಾಡದಾಗ ಅತ್ತಳು. ವರ್ಷ ತುಂಬಲು ಮೂರು ದಿನ ಇರುವಾಗಲೇ ಅಣ್ಣನಿಗೆ ಫೋನು ಮಾಡಿದಳು.

ಅಣ್ಣ ಭಾನುವಾರ ಹತ್ತು ಗಂಟೆಗೆ ವ್ಯಾನು ತಂದು ನಿಲ್ಲಿಸಿದ. ಇವರನ್ನು ಇಳಿಸಿ ಹೋದ ದಿನದಿಂದ ಕೂತ ದೂಳು ಅದರ ಮೇಲಿತ್ತು. ಅವನು ಗೆದ್ದ ಮುಖ ತೋರಿಸಬಾರದೆಂದು ಬಹಳ ಪ್ರಯತ್ನಪಟ್ಟು, ಮೊದಲು ಅಜ್ಜಿಯ ಮಂಚವನ್ನು ಏರಿಸಿದ. ಎಂಟು ಮನೆಯವರು ತಂತಮ್ಮ ಗೇಟಿನಲ್ಲಿ ನಿಂತು ನೋಡದವರಂತೆ ನೋಡುತ್ತಿದ್ದರು. ಕನ್ನಡಕಪ್ಪ ಕುರ್ಚಿಯನ್ನು ವ್ಯಾನಿನಲ್ಲಿ ಹೀಗಿಟ್ಟು ಹಾಗಿಟ್ಟು ನೋಡಿದ. ಏನನ್ನೂ ಕೇಳಲಿಲ್ಲ. ಹೆಂಡತಿಗೆ ಅದನ್ನು ನೋಡಲಾಗಲಿಲ್ಲ.

ಅಷ್ಟರಲ್ಲಿ ಸರ್ಕಾರಿ ಜೀಪು ಬಂತು. ಅದರಿಂದ ನರೆಗೂದಲಿನ, ದಪ್ಪ ಕನ್ನಡಕದ ಒಬ್ಬ ಹೆಂಗಸು ಫೈಲು ಹಿಡಿದು ಇಳಿದರು. ಆರೋಗ್ಯ ಇಲಾಖೆಯ ವೈದ್ಯಾಧಿಕಾರಿ. ನೋಟಿಸಿಗೆ ಉತ್ತರ ಬರದ ಕಾರಣ, ಭಾನುವಾರವಾದರೆ ಮನೆಯಲ್ಲೇ ಸಿಗುತ್ತಾರೆಂದು ತಾವೇ ಬಂದಿರುವುದಾಗಿ ಹೇಳಿದರು. ಹದಿನಾಲ್ಕನೇ ನಂಬರಿನ ಡಾಕ್ಟರು ಎಲ್ಲಿ ಎಂದು ಕೇಳಿದರು.

ಗೇಟುಗಳಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಬೀದಿಗಿಳಿದರು. ಎಂಟು ದಿನದ ಸಿಟ್ಟು ಎಂಟೂ ಮನೆಯವರಲ್ಲಿ ಇನ್ನೂ ಬಿಸಿಯಾಗಿಯೇ ಇತ್ತು. ಆದರೆ ಮಂಚವಿಲ್ಲದೆ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ಒಂದು ಕಡೆ, ಫೈಲು ಹಿಡಿದ ಸರ್ಕಾರ ಇನ್ನೊಂದು ಕಡೆ.

"ಡಾಕ್ಟರು ಊರಲ್ಲಿಲ್ಲ," ಎಂದ ಟೈಲರು.

"ಮಗಳ ಬಾಣಂತನಕ್ಕೆ ಹೋಗಿದಾರೆ," ಎಂದಳು ಅವನ ಹೆಂಡತಿ.

"ಹೋಗೋ ಮುಂಚೆ ನನ್ನ ಬಿಪಿ ನೋಡಿದ್ರು," ಎಂದ ಗಾರ್ಡು. "ನೂರ ಮೂವತ್ತು."

ವೈದ್ಯಾಧಿಕಾರಿ ಕಲ್ಲನ್ನೂ ಹುಲ್ಲನ್ನೂ ನೋಡಿದರು. ಮನೆಯೆಲ್ಲಿ ಎಂದರು. ಕಟ್ಟಿಸುತ್ತಿದ್ದಾರೆ ಎಂದು ಎಂಟು ಮನೆಯವರು ಒಂದೇ ಉಸಿರಿನಲ್ಲಿ ಹೇಳಿದರು.

ಕನ್ನಡಕಪ್ಪನ ಕಣ್ಣು ಮಂಜಾಯಿತು. ಇಷ್ಟು ಒಳ್ಳೆಯ ಜನರನ್ನು ಸುಳ್ಳಿಗೆ ಸಿಕ್ಕಿಸಬಾರದೆಂದು ಅವನು ಮುಂದೆ ಬಂದು, ಅಂಥ ಡಾಕ್ಟರು ಯಾರೂ ಇಲ್ಲ, ತಪ್ಪು ನಮ್ಮದು ಎಂದ. ಪಟ್ಟಿಯವನಿಗೆ ಹೀಗೆ ಹೇಳಿದ್ದು ಯಾರು ಎಂದರು ಅವರು.

"ನಾನೇ ಕಣಮ್ಮ," ಎಂದಳು ಅಜ್ಜಿ ಮೆಟ್ಟಿಲ ಮೇಲಿಂದ. "ಅಕ್ಕಪಕ್ಕ ಯಾರಿದಾರೆ ಅಂತ ಎಲ್ರೂ ಕೇಳ್ತಾರೆ. ಯಾರೂ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ವೈದ್ಯಾಧಿಕಾರಿ ಹೋಗಿ ಹದಿನಾಲ್ಕನೇ ನಂಬರಿನ ಕಲ್ಲಿನ ಮೇಲೆ ಕೂತು ವರದಿ ಬರೆಯತೊಡಗಿದರು. ಗಾರ್ಡು ಹತ್ತಿರ ಹೋಗಿ, ಹೇಗಿದ್ದರೂ ಬಂದಿದ್ದೀರಿ, ನಿಜವಾದ ಬಿಪಿ ಎಷ್ಟಿದೆ ನೋಡಿಬಿಡಿ ಎಂದ. ಜೀಪಿನಿಂದ ಚೀಲ ಬಂತು. ಗಾರ್ಡಿನ ಹಿಂದೆ ಟೈಲರು ತನ್ನ ಹೆಗಲು ನೋವಿನೊಂದಿಗೆ ನಿಂತ, ಅವನ ಹಿಂದೆ ಊರುಗೋಲಿನ ಮಾವ. ಮಕ್ಕಳು ಸಾಲಿಗಾಗಿ ಜಗಳವಾಡಿದಾಗ ಗಾರ್ಡು ಅವರನ್ನು ಗದರಿ, ಸಾಲಿನಲ್ಲಿ ಎಷ್ಟು ಜನ, ಒಬ್ಬರಿಗೆ ಐದು ನಿಮಿಷವಾದರೆ ಕೊನೆಯವರಿಗೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿಸಿದ. ಅಜ್ಜಿ ಮಗನ ತೋಳು ತಿವಿದಳು. ಕನ್ನಡಕಪ್ಪ ಗಾರ್ಡನ್ನು ನೋಡಿದ, ಮಕ್ಕಳನ್ನು ನೋಡಿದ. ಮೇಷ್ಟ್ರು ಬಂದು ಎಷ್ಟೋ ದಿನವಾಗಿತ್ತು. ಗಿಳಿಯೊಂದು ಬಾಕಿ.

ಮಧ್ಯಾಹ್ನ ವೈದ್ಯಾಧಿಕಾರಿ ಚೀಲ ಮುಚ್ಚಿದರು. ಬರುವ ವರ್ಷ ತಮ್ಮ ನಿವೃತ್ತಿ, ಆಮೇಲೆ ಎಲ್ಲಿ ಎಂದು ಗೊತ್ತಿಲ್ಲ, ಇಪ್ಪತ್ತೊಂಬತ್ತು ವರ್ಷ ಬರೀ ಕ್ವಾರ್ಟರ್ಸು ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಬಾಗಿ, ಕಲ್ಲಿನ ಮೇಲಿನ ನಂಬರನ್ನು ಬೆರಳಿನಿಂದ ಒರೆಸಿದರು. ನಂತರ ಫೈಲು ತೆರೆದು ಅಜ್ಜಿಯ ಎದುರು ಬಂದರು.

"ಈ ಡಾಕ್ಟರು ಹೊತ್ತಲ್ಲದ ಹೊತ್ತಲ್ಲೂ ಎದ್ದು ಬರ್ತಾರೆ ಅಂತ ಇಲ್ಲಿ ಬರೆದಿದೆ. ನಾನು ಒಂಬತ್ತಕ್ಕೆ ಮಲಗಿಬಿಡ್ತೀನಿ."

"ಅಷ್ಟನ್ನ ತಿದ್ದಿಕೊಳ್ತೀನಿ ತಾಯಿ," ಎಂದಳು ಅಜ್ಜಿ.

ಇತ್ತ ಅಣ್ಣ ವ್ಯಾನಿನ ಬಾಗಿಲು ಹಿಡಿದು ತಂಗಿಗಾಗಿ ಕಾಯುತ್ತಿದ್ದ. ಅವಳು ಕಾಂಪೌಂಡಿನ ಬಳಿ ಇದ್ದಳು. ಆಚೆ ಟೈಲರನ ಹೆಂಡತಿ ಇದ್ದಳು. ಇಬ್ಬರಲ್ಲೂ ಎಂಟೆಂಟು ದಿನದ ಮಾತು ಸೇರಿತ್ತು. ಸದ್ಯಕ್ಕೆ ಆ ಪರದೆಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕೋ, ಹೊಸದನ್ನೇ ಹೊಲಿಯಬೇಕೋ ಎಂಬಲ್ಲಿಗೆ ಬಂದಿದ್ದರು. ಅಣ್ಣ ಎರಡು ಸಲ ಹಾರ್ನ್ ಹೊಡೆದ. ಸ್ವಲ್ಪ ಇರಣ್ಣ, ಇದೊಂದು ಮುಗೀಲಿ ಎಂದು ತಂಗಿ ತಿರುಗದೆಯೇ ಕೈಬೀಸಿದಳು. ಮೂರು ಗಂಟೆಯಾದರೂ ಅದೊಂದು ಮುಗಿಯಲಿಲ್ಲ.

ಅಣ್ಣ ಅಜ್ಜಿಯ ಮಂಚವನ್ನು ಕೆಳಗಿಳಿಸಿ ಒಳಗಿಟ್ಟ. ಕನ್ನಡಕಪ್ಪ ಅದನ್ನು ಕಿಟಕಿಯ ಕಡೆಗೆ ಒಂದು ಗೇಣು ಸರಿಸಿ, ಈಗ ಚೆನ್ನಾಗಿ ಕಾಣತ್ತಾ, ಮೊದಲೇ ಚೆನ್ನಾಗಿತ್ತಾ ಎಂದು ತಾಯಿಯನ್ನು ಕೇಳಿದ. ಆಮೇಲೆ ಅಣ್ಣ ಹೊರಗೆ ಹೋಗಿ, ಒಂದು ಬಕೆಟ್ಟು ಕೇಳಿ ಪಡೆದು, ಹದಿಮೂರನೇ ನಂಬರಿನ ತೊಟ್ಟಿಯ ನೀರಿನಲ್ಲಿ ವ್ಯಾನನ್ನು ಮೇಲಿಂದ ಕೆಳಗಿನವರೆಗೆ ತೊಳೆದ.